ಎರಡೂವರೆ ಮೀಟರ್

ನಷ್ಟ ಹೇಗಾಯಿತು ಎಂದು ಬರೆಯಲು
ಅರ್ಜಿಯಲ್ಲಿ ಮೂರೇ ಗೆರೆ ಕೊಟ್ಟಿದ್ದಾರೆ.

ಕಾರು ಒಂದೂವರೆ ಮೀಟರ್.
ಮೇಲೆ ಕಟ್ಟಿದ ಸೈಕಲ್ಲು ಒಂದು ಮೀಟರು ಹದಿನೈದು ಸೆಂಟಿ.
ರೈಲು ಹಳಿಯ ಅಡಿಯ ದಾರಿಗೆ ಅಡ್ಡ ಹಾಕಿದ ಕಬ್ಬಿಣದ ತೊಲೆಯಲ್ಲಿ
ಹಳದಿ ಬಣ್ಣದಲ್ಲಿ ಬರೆದಿತ್ತು: 2.5
ಉಳಿದದ್ದೆಲ್ಲ ಮಲಯಾಳ. ನಿಜ. ಆದರೆ
ಅಂಕಿಗೆ ಭಾಷೆಯ ನೆಪ ಹೇಳಲಾಗುವುದಿಲ್ಲ,
ಅದರಲ್ಲೂ ಇಪ್ಪತ್ತಾರು ವರ್ಷ
ಕುಂಬಳೆಯ ಮಕ್ಕಳಿಗೆ ಕನ್ನಡದಲ್ಲಿ ದಶಾಂಶ ಕಲಿಸಿದವಳು.

ಕ್ಲೋತಿಲ್ದಾ ಥರ್ಮಾಸಿನ ಮುಚ್ಚಳಕ್ಕೆ ಚಹಾ ಬಗ್ಗಿಸುತ್ತಿದ್ದಳು.
ತಲೆಯ ಮೇಲೊಂದು ಸದ್ದು.
ವಾರ್ಡಿನಲ್ಲಿ ಟ್ರೇ ಜಾರಿ ಬಿದ್ದ ಹಾಗೆ, ಎಂದಳು ಆಮೇಲೆ.
ನನಗೆ ಮೂಳೆಯ ಹಾಗೆ.

ಕೆಂಪು ಸೈಕಲ್ಲು ನನ್ನದು: ಫೋರ್ಕ್ ಹಿಂದಕ್ಕೆ ಮಡಚಿ
ಮಂಡಿಯೂರಿದ ಆಡು.
ಬೂದಿ ಬಣ್ಣದ್ದು ಅವಳದು: ಮುಂದಿನ ಚಕ್ರ
ಎಣ್ಣೆಗೆ ಬಿಟ್ಟ ಹಪ್ಪಳ.
ರಿಪೇರಿಯ ಅಂದಾಜು ಏಳು ಸಾವಿರದ ನಾನೂರು.

ವಿಮೆಯ ಕುಂಞಣ್ಣ ಜಗಲಿಯಲ್ಲಿ ಕೂತು
ಹೆಲ್ಮೆಟ್ಟನ್ನು ಮೊಣಕಾಲಿಗೆ ಸಿಕ್ಕಿಸಿ ಬಿಡಿಸಿ ಹೇಳಿದ:
ಕಾರಿನ ಪಾಲಿಸಿಗೆ ಕ್ಯಾರಿಯರ್ ಸೇರುತ್ತದೆ, ಸೈಕಲ್ ಸೇರುವುದಿಲ್ಲ.
ಕ್ಯಾರಿಯರಿಗೆ ಏನೂ ಆಗಿಲ್ಲ.
ಮನೆಯ ಪಾಲಿಸಿಗೆ ಸೈಕಲ್ ಸೇರುತ್ತದೆ,
ಮನೆಯಲ್ಲಿ ಇರುವಷ್ಟು ಹೊತ್ತು.
"ಎಂತ ದೊಡ್ಡದುಂಟು ಟೀಚರೇ? ಶೆಡ್ಡಿನ ಮೇಲೆ
ಒಂದು ಮಡಲು ಬಿತ್ತು ಅಂತ ಬರೆಯಿರಿ. ತೆಂಗು ಇಲ್ಲವಾ ನಿಮಗೆ?"

ಉಂಟು. ಹನ್ನೊಂದು.

ಕ್ಲೋತಿಲ್ದಾಗೆ ಒಪ್ಪಿಗೆ. ಅವಳ ಪಾಲಿನ ಅರ್ಧವೆಂದರೆ
ಗುತ್ತಿಗೆಯ ನರ್ಸಿಗೆ ಎಷ್ಟೋ ರಾತ್ರಿಯ ಡ್ಯೂಟಿ.
"ಮರ ಬಂದು ಸಾಕ್ಷಿ ಹೇಳುತ್ತದಾ ಮಾರಾಯ್ತಿ?
ನನ್ನದನ್ನೂ ನಿನ್ನದೆಂದೇ ಬರಿ.
ಪಾಪ ಬಂದರೆ ಇಗರ್ಜಿಯಲ್ಲಿ ನಾನು ಹೇಳಿಕೊಳ್ಳುತ್ತೇನೆ."

ರಾತ್ರಿ ಮಡಲಿನಿಂದಲೇ ಶುರು ಮಾಡಿದೆ.
ಸದರಿ ಸೈಕಲ್ಲುಗಳು ಮನೆಯ ಆವರಣದಿಂದ
ಹೊರಗೆ ಹೋಗಿರುವುದಿಲ್ಲ
ಎಂಬಲ್ಲಿಗೆ ಪೆನ್ನು ನಿಂತಿತು.

ಹೋಗಿವೆ.
ನಲವತ್ತೊಂಬತ್ತಕ್ಕೆ ಸೈಕಲ್ ಕಲಿಯುವವರು
ತಮ್ಮ ಬೀದಿಯಲ್ಲಿ ಬೀಳಲಾರರು. ಹಾಗಾಗಿ
ಹದಿನಾಲ್ಕು ಭಾನುವಾರ, ಬೆಳಕು ಹರಿಯುವ ಮೊದಲು,
ಗುರುತಿನವರಿಲ್ಲದ ಬೇಕಲದ ಕಡಲ ಬದಿಗೆ
ಅವನ್ನು ಹೊತ್ತುಕೊಂಡು ಹೋಗಿದ್ದೇವೆ.
ಬೂದಿಯ ಎಡ ಪೆಡಲಿನ ಗೀರು ಮೂರನೆಯ ವಾರದ್ದು,
ಕೋಟೆಯ ಕಡೆಯ ಇಳಿಜಾರು.
ನನ್ನ ಬೆಲ್ಲು ಹೋದದ್ದು ನಿಂತ ದೋಣಿಗೆ ಗುದ್ದಿ.
ಬಲೆ ಬಿಡಿಸುತ್ತಿದ್ದ ಮುದುಕ ತಲೆಯೆತ್ತದೆ
"ಬೆಲ್ ಹೊಡೆಯಬೇಕಿತ್ತು, ಸರಿಯುತ್ತಿತ್ತು" ಅಂದಿದ್ದ.
ಹನ್ನೆರಡನೆಯ ವಾರ
ಹಿಂದಿನಿಂದ ಯಾರೂ ಹಿಡಿದಿರಲಿಲ್ಲ.
ಹಿಡಿದಿಲ್ಲವೆಂದು ಗೊತ್ತಾದದ್ದು
ತುಂಬ ದೂರ ಹೋದ ಮೇಲೆ.

ಇಷ್ಟೂ ಒಂದು ಮಡಲಿನ ಅಡಿಗೆ?

ಬೇರೆ ಅರ್ಜಿ ತೆಗೆದೆ. ಮೂರು ಗೆರೆ ಸಾಲದೆ
ಹಿಂಬದಿಗೂ ಹರಿಯಿತು: ತೊಲೆ, ಥರ್ಮಾಸು,
ಕೂಡಿಸುವುದರಲ್ಲಿ ನನ್ನ ತಪ್ಪು.
ಸಾಕ್ಷಿ, ಕ್ಲೋತಿಲ್ದಾ ಕ್ರಾಸ್ತಾ. ಬೈಯುತ್ತಲೇ ಸಹಿ ಹಾಕಿದಳು.
ಹಾಕಿದ ಮೇಲೆ ಓದಿದಳು. ಓದಿ,
"ಇಳಿಜಾರನ್ನೂ ಬರಿ" ಎಂದಳು.

"ಇದಕ್ಕೆ ಒಂದು ಪೈಸೆ ಬರುವುದಿಲ್ಲ," ಕುಂಞಣ್ಣ.
ಗೊತ್ತುಂಟು.
"ಮತ್ತೆ ಯಾಕೆ ಕೊಡುವುದು?"
ಸೀಲು ಹೊಡೆಯುತ್ತಾರಲ್ಲ, ಎಂದೆ,
ಬಂದ ತಾರೀಕಿನ ಸೀಲು.

ಅವಳ ಅರ್ಧ ಸದ್ಯ ನನ್ನಿಂದ ಸಾಲ, ತಿಂಗಳಿಗೆ ಮುನ್ನೂರು.
ಫೋರ್ಕ್ ಮಂಗಳೂರಿನಿಂದ ಬರಬೇಕು.
ಅಲ್ಲಿಯವರೆಗೆ ಕಾರಿನ ಮೇಲೆ ಖಾಲಿ ಕ್ಯಾರಿಯರು.
ಆದರೂ ಸೇತುವೆ ಕಂಡಲ್ಲೆಲ್ಲ
ಸ್ಟಿಯರಿಂಗ್ ಹಿಡಿದುಕೊಂಡೇ
ತಲೆ ತಗ್ಗಿಸುತ್ತೇನೆ.